ಅತ್ತೆ ತಿನ್ನುವ ಮೀನು

ನಮ್ಮತ್ತೆಗೆ ಮೀನೆಂದರೆ ಪ್ರಾಣ. ಆದರೆ ಅದು ಅವರೇ ಹಿಡಿದ ಮೀನಾಗಿರಬೇಕು. ಮಾರುಕಟ್ಟೆಯಿಂದ ತಂದದ್ದು, ಪಕ್ಕದ ಮನೆಯವರು ಕೊಟ್ಟದ್ದು, ನೆಂಟರ ಮನೆಯಲ್ಲಿ ಬಡಿಸಿದ್ದು, ಯಾವುದನ್ನೂ ಅವರು ಬಾಯಿಗಿಡುವುದಿಲ್ಲ.

"ಅದು ಎಲ್ಲಿತ್ತೋ, ಯಾವಾಗ ಸತ್ತಿತೋ! ಗುರುತು ಪರಿಚಯ ಇಲ್ದೇ ಇರೋದನ್ನ ಹೇಗೆ ತಿನ್ನೋದು?" ಎನ್ನುತ್ತಾರೆ.

ಬಂದರಿನ ಕಿಟಕಿಯಲ್ಲಿ ಮೂವತ್ತೊಂದು ವರ್ಷ ದೋಣಿಯ ಟಿಕೆಟ್ಟು ಕೊಟ್ಟು, ದಿನವೂ ನೂರಾರು ಅಪರಿಚಿತರ ಮುಖ ನೋಡಿದವರು ಅವರು. ಇನ್ನೊಬ್ಬ ಅಪರಿಚಿತ ತಟ್ಟೆಗೂ ಬರುವುದು ಬೇಡವೆನಿಸಿರಬೇಕು.

ಮೀನುಗಳಲ್ಲೆಲ್ಲ ಅವರಿಗೆ ಹೆಚ್ಚು ಇಷ್ಟ ಕಾಣೆ. ಗೇಣುದ್ದದ ಸಪೂರ ಮೀನು, ಚೂಪು ಮೂಗು, ಬೆನ್ನು ಮರಳಿನ ಬಣ್ಣ, ಹೊಟ್ಟೆ ಬೆಳ್ಳಿ. ಹಿಡಿಯುವುದಕ್ಕೂ ಅದೇ ಬೇಕು, ತಿನ್ನುವುದಕ್ಕೂ ಅದೇ ಬೇಕು. ವರ್ಷದಲ್ಲಿ ಎರಡೇ ತಿಂಗಳು ಅದು ನಮ್ಮ ದಡದ ಮರಳಿಗೆ ಬರುತ್ತದೆ. ಆ ಎರಡು ತಿಂಗಳು ಅತ್ತೆಯ ಮಾತಿನಲ್ಲಿ ಸಕ್ಕರೆ ಇರುತ್ತದೆ. ಉಳಿದ ಹತ್ತು ತಿಂಗಳು, ಅವರ ಮನೆಯಲ್ಲೇ ಇರುವ ಅಳಿಯನಾದ ನಾನು, ತಲೆ ತಗ್ಗಿಸಿ ಹೊಲಿಗೆ ಹಾಕುತ್ತಿರುತ್ತೇನೆ. ಕೆಳಗೆ ನನ್ನ ಟೈಲರ್ ಅಂಗಡಿ, ಮೇಲೆ ಮನೆ, ನಡುವೆ ಹದಿಮೂರು ಮರದ ಮೆಟ್ಟಿಲು.

ಈ ವರ್ಷ ಕಾಣೆ ಬಂದ ವಾರವೇ, ಏಳನೆಯ ಮೆಟ್ಟಿಲಿನ ಮೇಲೆ ನಾನು ನೀಲಿ ನೂಲಿನ ರೀಲೊಂದನ್ನು ಮರೆತೆ. ಅತ್ತೆ ಅದರ ಮೇಲೆ ಕಾಲಿಟ್ಟರು. ಮಿಕ್ಕ ಆರು ಮೆಟ್ಟಿಲುಗಳನ್ನು ಅವರು ಇಳಿಯಲಿಲ್ಲ, ನೇರ ಅಂಗಡಿಯ ನೆಲವನ್ನೇ ತಲುಪಿದರು. ಬಲ ಮುಂಗೈ ಮುರಿದಿತ್ತು. ಆರು ವಾರ ಪ್ಲಾಸ್ಟರ್ ತೆಗೆಯುವಂತಿಲ್ಲ ಎಂದರು ಡಾಕ್ಟರು.

"ದೇವರು ದೊಡ್ಡವನು ಅತ್ತೆ, ತಲೆಗೇನೂ ಆಗಲಿಲ್ಲ" ಎಂದೆ.

"ತಲೆಯಿಂದ ಮೀನು ಹಿಡಿಯೋಕಾಗತ್ತಾ ಅಳಿಯಂದ್ರೇ?" ಎಂದರು.

ಅಲ್ಲಿಂದ ಮುಂದೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂರು ಹೊತ್ತೂ ಎಡಗೈಯಲ್ಲಿ ಚಮಚ ಹಿಡಿದು, ಬೇಯಿಸಿದ ತರಕಾರಿಯನ್ನು ಔಷಧಿ ನುಂಗುವಂತೆ ನುಂಗಿ ಎದ್ದು ಹೋಗುತ್ತಿದ್ದರು. ಪಕ್ಕದ ಮನೆಯಿಂದ ಮೀನು ಹುರಿಯುವ ವಾಸನೆ ಬಂದಾಗ ಮಾತ್ರ ಕಿಟಕಿಯ ಹತ್ತಿರ ಹೋಗಿ ನಿಲ್ಲುವರು. ಆಗ ಮುಚ್ಚಲು ಎದ್ದರೋ, ಮೂಸಲು ಎದ್ದರೋ ಗೊತ್ತಾಗುತ್ತಿರಲಿಲ್ಲ. ಕಾಣೆಯ ದಿನಗಳು ಒಂದೊಂದೇ ಕಳೆಯುತ್ತಿದ್ದವು, ಎಲ್ಲವೂ ನನ್ನ ನೂಲಿನ ರೀಲಿನ ದೆಸೆಯಿಂದ.

ಎರಡನೆಯ ವಾರ ನನ್ನ ಹೆಂಡತಿ ಒಂದು ಉಪಾಯ ಹೂಡಿದಳು. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ಬರುವ ದಾರಿಯಲ್ಲಿ ಮಾರುಕಟ್ಟೆ ಹೊಕ್ಕು ನಾಲ್ಕು ಕಾಣೆ ತಂದು ನನ್ನ ಕೈಗೆ ಕೊಟ್ಟಳು.

"ನೀವೇ ಹಿಡಿದದ್ದು ಅನ್ನಿ. ಮನೆಯವರು ಹಿಡಿದದ್ದು ಅಂದ್ರೆ ಅಮ್ಮ ಕರಗ್ತಾಳೆ."

"ನನಗೆ ಸುಳ್ಳು ಹೇಳೋಕೆ ಬರಲ್ಲ ಕಣೇ."

"ಹೇಳಬೇಡಿ. ಸುಮ್ನೆ ಒದ್ದೆ ಪ್ಯಾಂಟು ಹಾಕ್ಕೊಂಡು ನಿಂತ್ಕೊಳ್ಳಿ."

ಪ್ಯಾಂಟನ್ನು ಮೊಣಕಾಲಿನವರೆಗೆ ಬಕೆಟ್ಟಿನಲ್ಲಿ ಅದ್ದಿಕೊಂಡು ಅತ್ತೆಯ ಮುಂದೆ ನಿಂತೆ. ಅವರು ನನ್ನ ಪ್ಯಾಂಟು ನೋಡಲೇ ಇಲ್ಲ. ಒಂದು ಮೀನನ್ನೆತ್ತಿ, ಎಡಗೈ ಹೆಬ್ಬೆರಳಿನಿಂದ ಅದರ ತುಟಿ ಸರಿಸಿದರು. ಎರಡನೆಯದನ್ನೂ ಹಾಗೇ ನೋಡಿದರು.

"ತುಟಿಯಲ್ಲಿ ತೂತೇ ಇಲ್ಲವಲ್ಲ! ಗಾಳಕ್ಕೆ ಕೈಮುಗಿದು ತಾವೇ ಹೊರಗೆ ಬಂದವಾ? ಮೈಮೇಲೆ ನೋಡಿ, ಬಲೆಯ ಗೆರೆ. ಹಿಡಿಯೋಕೆ ಬರಲ್ಲ, ಸುಳ್ಳಾಡೋಕೂ ಬರಲ್ಲ. ಏನು ಬರತ್ತೆ ಅಳಿಯಂದ್ರೇ ನಿಮಗೆ?"

ನನ್ನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅವಮಾನವೋ ಏನೋ, ನನ್ನ ಬಾಯಿಂದ ಮಾತು ಜಾರಿತು.

"ನಿಜವಾಗಿ ಹಿಡಿದು ತಂದ್ರೆ ತಿಂತೀರಾ?"

"ಮೊದಲು ಹಿಡೀರಿ. ಆಮೇಲೆ ನೋಡೋಣ."

ಮಾರನೆಯ ದಿನ ಬೆಳಗ್ಗೆ ನಾನು ಗಾಳದ ಕೋಲು ಹೊತ್ತು ದಡದ ಕಡೆ ಹೊರಟರೆ, ಹಿಂದೆಯೇ ಅತ್ತೆ ಬಂದರು. ತಮ್ಮ ಕೋಲಿಗೆ ಏನಾದರೂ ಆದರೆ ಎಂಬ ಚಿಂತೆ ಅವರಿಗೆ. ಮಡಚುವ ಕುರ್ಚಿಯಲ್ಲಿ ಕೂತು, ಕೊರಳಿಗೆ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಬಾಯಿಯಿಂದಲೇ ಮೀನು ಹಿಡಿಯತೊಡಗಿದರು.

ಮೊದಲನೆಯ ಕಷ್ಟ ಹುಳ. ಜೀವವಿರುವ ಹುಳವನ್ನು ಗಾಳಕ್ಕೆ ಪೋಣಿಸಬೇಕು. ದರ್ಜಿಗಳು ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಹಿತ್ತಾಳೆಯ ಟೋಪಿಯನ್ನು ನಾನು ಜೇಬಿನಿಂದ ತೆಗೆದು ಹಾಕಿಕೊಂಡೆ.

"ಹುಳಕ್ಕೆ ಅಳತೆ ತಗೋತಿದೀರಾ? ಬೇಗ ಚುಚ್ಚಿ!"

ಅಲ್ಲಿ ದಿನವೂ ಗಾಳ ಹಾಕುವ ಬೇಕರಿಯಣ್ಣ ಇದನ್ನೆಲ್ಲ ನೋಡಿ ಕೇಳಿದ: "ಏನಮ್ಮಾ, ಹೊಸ ಕೆಲಸದವರಾ?"

"ಅಳಿಯ. ಸಂಬಳ ಇಲ್ಲ" ಎಂದರು ಅತ್ತೆ.

ನಾಲ್ಕು ಬೆಳಗು ಹೀಗೇ ಹೋದವು. ಪಾಚಿ ಬಂತು. ಯಾರದೋ ಚಪ್ಪಲಿಯ ಪಟ್ಟಿ ಬಂತು. ಹೊಟ್ಟೆಯನ್ನು ಚೆಂಡಿನಂತೆ ಉಬ್ಬಿಸಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿದ ವಿಷದ ಮೀನೊಂದು ಬಂತು. ಅದನ್ನು ಬಿಡಿಸಿ ನೀರಿಗೆ ಹಾಕುವಾಗ ನಾನು "ತಪ್ಪಾಯ್ತು" ಎಂದದ್ದು ಬೇಕರಿಯಣ್ಣನ ಕಿವಿಗೂ ಬಿತ್ತು. ಕಾಣೆ ಮಾತ್ರ ಬರಲಿಲ್ಲ. ಅಲೆ ಎಳೆದಾಗೆಲ್ಲ ಮೀನೆಂದು ನಾನು ಎಳೆಯುತ್ತಿದ್ದೆ. ಮೀನು ಎಳೆದಾಗ ಅಲೆಯೆಂದು ಸುಮ್ಮನಿರುತ್ತಿದ್ದೆ. ಗಾಳ ಮೇಲೆ ಬಂದರೆ ಹುಳ ಮಾಯ.

ಐದನೆಯ ದಿನ ಅತ್ತೆಗೇ ಬೇಸರ ಬಂತು. ಕುರ್ಚಿಯನ್ನು ನನ್ನ ಪಕ್ಕಕ್ಕೆ ಎಳೆದುಕೊಂಡು ಕೂತರು.

"ಕೋಲಿನ ತುದಿ ಯಾಕೆ ನೋಡ್ತೀರಿ? ಕಾಣೆ ಮೆಲ್ಲಗೆ ಕಚ್ಚತ್ತೆ. ಕಣ್ಣಿಗೆ ಗೊತ್ತಾಗಲ್ಲ. ದಾರ ಬೆರಳ ಮೇಲೆ ಇಟ್ಕೊಳ್ಳಿ. ನೋಡ್ಬೇಡಿ, ಕೇಳಿ."

"ಬೆರಳಲ್ಲಿ ಕೇಳೋದಾ?"

"ಇನ್ನೇನು, ಮೂಗಲ್ಲಾ?"

ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿದೆ. ಅಲೆ ಬಂದಾಗ ದಾರ ಬಿಗಿಯುತ್ತದೆ, ಹಿಂದೆ ಸರಿದಾಗ ಸಡಿಲುತ್ತದೆ. ಬಿಗಿ, ಸಡಿಲ, ಬಿಗಿ, ಸಡಿಲ. ಇದನ್ನು ನಾನು ಬಲ್ಲೆ ಎನ್ನಿಸಿತು. ನಮ್ಮಪ್ಪ ಹೊಲಿಗೆ ಯಂತ್ರ ತುಳಿಯುತ್ತ ಪದ್ಯ ಹೇಳುತ್ತಿದ್ದರು. ದೇವರ ಮೇಲಿನ ನೂರಾರು ಪದ್ಯಗಳು, ಯಂತ್ರದ ತಾಳಕ್ಕೆ ಸರಿಯಾಗಿ. ಎಷ್ಟೋ ಪದಗಳ ಅರ್ಥ ನನಗೆ ತಿಳಿಯುತ್ತಿರಲಿಲ್ಲ. ಆದರೆ ಅಪ್ಪ ಎಲ್ಲಾದರೂ ಒಂದಕ್ಷರ ಹೆಚ್ಚು ಹೇಳಿದರೆ, ಮೆಟ್ಟಿಲಿನ ಲೆಕ್ಕ ತಪ್ಪಿ ಕಾಲಿಟ್ಟಂತೆ ಮೈ ಜುಮ್ಮೆನ್ನುತ್ತಿತ್ತು. ಸಮುದ್ರವೂ ಹಾಗೇ ಏನನ್ನೋ ಹೇಳುತ್ತಿತ್ತು. ಅರ್ಥ ನನಗೆ ಬೇಕಿರಲಿಲ್ಲ. ಸುಮ್ಮನೆ ಕೇಳುತ್ತ ನಿಂತೆ.

ಬಿಗಿ, ಸಡಿಲ. ಬಿಗಿ, ಸಡಿಲ. ಬಿಗಿ, ಟಕ್ ಟಕ್.

ಎರಡು ಪುಟ್ಟ ಅಕ್ಷರಗಳು, ಆ ಸಾಲಿನವಲ್ಲ. ಕೈ ತಾನಾಗಿ ಕೋಲನ್ನೆತ್ತಿತು. ದಾರದ ಆ ಕೊನೆಯಲ್ಲಿ ಯಾರೋ "ಬಿಡೋ!" ಎಂದು ಜಗ್ಗಿದಂತಾಯಿತು.

"ರೀಲು ಸುತ್ತಿ! ಎಳೀಬೇಡಿ, ಸುತ್ತಿ! ಕೋಲು ಮೇಲೆ! ಅಯ್ಯೋ ಹಿಂದೆ ಬನ್ನಿ, ನೀರೊಳಗೆ ಯಾಕೆ ಹೋಗ್ತೀರಿ, ನೀವು ಅದನ್ನ ಹಿಡೀಬೇಕು, ಅದು ನಿಮ್ಮನ್ನಲ್ಲ!"

ಅತ್ತೆ ಎದ್ದು ನಿಂತಿದ್ದರು. ಬೇಕರಿಯಣ್ಣ ತನ್ನ ಗಾಳ ಬಿಟ್ಟು ಓಡಿ ಬಂದಿದ್ದ. ಮರಳಿನ ಮೇಲೆ ಬಂದು ಬಿದ್ದದ್ದು ಗೇಣಿಗಿಂತ ಎರಡು ಬೆರಳು ಉದ್ದದ ಕಾಣೆ. ಬಿಸಿಲಿಗೆ ಅದರ ಮೈ ಹೊಳೆಯುತ್ತಿತ್ತು. ಮನಸ್ಸಿನಲ್ಲೇ ಅದರ ಕ್ಷಮೆ ಕೇಳಿ, ಗಾಳ ಬಿಡಿಸಿ, ಎರಡೂ ಕೈಯಲ್ಲಿ ಎತ್ತಿ ಅತ್ತೆಯ ಮುಂದೆ ಹಿಡಿದೆ.

ಅವರು ಅದರ ತುಟಿ ನೋಡಿದರು. ತೂತಿತ್ತು.

"ಚೆನ್ನಾಗಿದೆ" ಎಂದರು. ಮೀನನ್ನು ನನ್ನ ಕಡೆಗೇ ಸರಿಸಿ, "ಹಿಡಿದೋರು ನೀವು. ತಿನ್ನೋರೂ ನೀವೇ" ಎಂದರು.

ನನ್ನ ಮುಖ ಸಪ್ಪಗಾಯಿತು.

ಅಡುಗೆಮನೆಯಲ್ಲಿ ಚಾಕು ಮೊಂಡಾಗಿತ್ತು. ಅತ್ತೆ ಬಾಗಿಲಲ್ಲಿ ನಿಂತು, "ನಿಮ್ಮ ಬಟ್ಟೆ ಕತ್ತರಿ ತನ್ನಿ, ಒಂದೇ ಏಟಿಗೆ ಆಗತ್ತೆ" ಎಂದರು. ಆ ಕತ್ತರಿಯಲ್ಲಿ ನಾನು ಕಾಗದವನ್ನೂ ಕತ್ತರಿಸಿದವನಲ್ಲ. ನನ್ನ ಮುಖ ನೋಡಿಯೇ ಅವರಿಗೆ ಸಮಾಧಾನವಾಗಿರಬೇಕು, ಮತ್ತೆ ಆ ಮಾತೆತ್ತಲಿಲ್ಲ. ಮೊಂಡು ಚಾಕುವಿನಲ್ಲೇ ಹೆರೆದು, ತೊಳೆದು, ಉಪ್ಪು ಮತ್ತು ಮೆಣಸಿನಪುಡಿ ಸವರಿ, ಕಾದ ಎಣ್ಣೆಗೆ ಬಿಟ್ಟೆ. ಎರಡೂ ಕಡೆ ಹೊಂಬಣ್ಣ ಬಂದ ಮೇಲೆ ತೆಗೆದು ಅತ್ತೆಯ ತಟ್ಟೆಯಲ್ಲೇ ಇಟ್ಟೆ.

ಅವರು ತಟ್ಟೆಯನ್ನು ನನ್ನ ಕಡೆ ತಳ್ಳಿದರು.

"ನನ್ನ ಕೈಯಲ್ಲಿ ಬಂದದ್ದಲ್ಲ, ನಾನು ತಿನ್ನಲ್ಲ. ನಲವತ್ತು ವರ್ಷದಿಂದ ಹೀಗೇ. ನಿಮ್ಮ ಮೇಲೆ ಸಿಟ್ಟಿಲ್ಲ."

ಈ ಮನೆಗೆ ಬಂದ ಎಂಟು ವರ್ಷಗಳಲ್ಲಿ ನಾನು ಅತ್ತೆಗೆ ಎದುರು ಮಾತಾಡಿದವನಲ್ಲ. ಅಂದು ತಟ್ಟೆಯನ್ನು ಮತ್ತೆ ಅವರ ಕಡೆಗೇ ತಳ್ಳಿದೆ.

"ಅತ್ತೆ, ನೀವು ತೊಟ್ಟಿರೋ ಅಂಗಿ ಯಾರ ಕೈಯಲ್ಲಿ ಬಂದದ್ದು?"

ಅವರು ತಮ್ಮ ಬಲದೋಳನ್ನು ನೋಡಿಕೊಂಡರು. ಪ್ಲಾಸ್ಟರ್ ಹಾಕಿದ ದಿನ ಸಂಜೆಯೇ ನಾನು ಅವರ ಆರೂ ಅಂಗಿಗಳ ಬಲದೋಳು ಬಿಚ್ಚಿ, ಅಗಲ ಮಾಡಿ, ಒಂದೇ ಕೈಯಲ್ಲಿ ಕಟ್ಟಿಕೊಳ್ಳಲು ಬರುವ ಹಾಗೆ ಲಾಡಿ ಹೊಲಿದಿದ್ದೆ.

"ಅದು... ನೀವು ಹೊಲಿದದ್ದು."

"ನಾನು ಹೊಲಿಯೋದೆಲ್ಲ ಬೇರೆಯವರೇ ತೊಡೋದು ಅತ್ತೆ. ಎಲ್ಲರೂ ತಾವು ಹೊಲಿದದ್ದನ್ನೇ ತೊಡ್ತೀವಿ ಅಂತ ಹಟ ಹಿಡಿದರೆ ಈ ಬೀದಿಯ ಗತಿ ಏನು? ಬೇಕರಿಯಣ್ಣ ತಾನೇ ಹೊಲಿದ ಪ್ಯಾಂಟಲ್ಲಿ ಬರೋದನ್ನ ಒಂದ್ಸಲ ನೆನೆಸ್ಕೊಳ್ಳಿ."

ಅತ್ತೆ ನೆನೆಸಿಕೊಂಡರು. ತುಟಿ ಬಿಗಿ ಹಿಡಿದರು. ಆಗಲಿಲ್ಲ. ಕೊರಳಿಗೆ ಕಟ್ಟಿದ ಪ್ಲಾಸ್ಟರ್ ಕೈಯೂ ಅಲ್ಲಾಡುವ ಹಾಗೆ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, ಲಾಡಿಯಿಂದಲೇ ಕಣ್ಣು ಒರೆಸಿಕೊಂಡರು.

"ಮುಳ್ಳು ಬಿಡಿಸಿ ಕೊಡಿ ಹಾಗಾದ್ರೆ. ಎಡಗೈಲಿ ನನಗಾಗಲ್ಲ."

ತಾತ್ಕಾಲಿಕ ಹೊಲಿಗೆಯ ದಾರ ಎಳೆದು ತೆಗೆಯುವುದು ನನ್ನ ನಿತ್ಯದ ಕೆಲಸ. ಬೆನ್ನಿನ ಮುಳ್ಳನ್ನು ಬಾಲದ ಕಡೆಯಿಂದ ಹಿಡಿದು ಮೆಲ್ಲನೆ ಎತ್ತಿದೆ. ಒಂದೂ ಮುರಿಯದೆ, ಬಾಚಣಿಗೆಯಂತೆ ಇಡಿಯಾಗಿ ಬಂತು. ಅತ್ತೆ ಅದನ್ನು ನೋಡಿ ಹುಬ್ಬು ಏರಿಸಿದರು. ಬಿಳಿಯ ಮಾಂಸದ ಒಂದು ಎಸಳನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಉಪ್ಪು ಒಂಚೂರು ಕಮ್ಮಿ" ಎಂದರು. ಇನ್ನೊಂದು ಎಸಳು ತೆಗೆದುಕೊಂಡರು. ಮತ್ತೊಂದು. ಅರ್ಧ ಮುಗಿದ ಮೇಲೆ, ತಟ್ಟೆಯನ್ನೇ ನೋಡುತ್ತ ಹೇಳಿದರು: "ನಿಮ್ಮ ಮಾವ ಒಳ್ಳೆಯವರಿದ್ರು. ಆದ್ರೆ ನೀರು ಕಂಡ್ರೆ ಭಯ. ಮಕ್ಕಳಿಗೆ ಪುರುಸೊತ್ತಿಲ್ಲ. ನನಗೆ ಅಂತ ಯಾರೂ ಒಂದು ಮೀನು ಹಿಡಿದು ಕೊಟ್ಟವರಲ್ಲ ಅಳಿಯಂದ್ರೇ. ಕೊಡದೇ ಇದ್ದಾಗ ಬೇಡ ಅನ್ನೋದು ಅಭ್ಯಾಸ ಆಗೋಯ್ತು."

ಉಪ್ಪಿನ ಡಬ್ಬಿಯನ್ನು ಅವರ ಹತ್ತಿರ ಸರಿಸಿದೆ.

ಮಧ್ಯಾಹ್ನದ ಊಟಕ್ಕೆ ನನ್ನ ಹೆಂಡತಿ ಮೆಟ್ಟಿಲು ಹತ್ತಿ ಬಂದಾಗ ತಟ್ಟೆಯಲ್ಲಿ ತಲೆ, ಬಾಲ ಮತ್ತು ನಡುವೆ ಆ ಬಾಚಣಿಗೆ ಮಾತ್ರ ಉಳಿದಿತ್ತು. ಅವಳು ಕೈಚೀಲವನ್ನೂ ಇಳಿಸದೆ ಒಮ್ಮೆ ತಟ್ಟೆಯನ್ನು, ಒಮ್ಮೆ ಅಮ್ಮನನ್ನು, ಒಮ್ಮೆ ನನ್ನನ್ನು ನೋಡಿದಳು.

"ಅಮ್ಮಾ! ತಿಂದ್ಯಾ? ಎಲ್ಲಾ ಒಬ್ಬಳೇ ತಿಂದ್ಯಾ? ನನಗೆ?"

ಅತ್ತೆ ಬೆರಳು ನೆಕ್ಕುತ್ತ ಎದ್ದರು.

"ಒಂದೇ ಇತ್ತು ಕಣೇ. ನಿನಗೆ ಬೇಕಾದ್ರೆ ನಿನ್ನ ಗಂಡನ್ನ ಕೇಳು, ನಾಳೆ ಹಿಡ್ಕೊಡ್ತಾರೆ. ಆದ್ರೆ ಮೊದಲನೇದು ನಂದು."