ಅನುವಿನ ಅಡುಗೆಮನೆ

ನನ್ನ ಗಂಡ ಸಿದ್ದರಾಮು ಹಿಡಿದ ಕೆಲಸ ಮುಗಿಸಿದ್ದನ್ನು ನಾನು ನೋಡಿದವಳಲ್ಲ. ಬಚ್ಚಲಿನ ಬಾಗಿಲಿಗೆ ಇವತ್ತಿಗೂ ಚಿಲಕವಿಲ್ಲ. ಅಂಥ ಪುಣ್ಯಾತ್ಮ ಆ ಭಾನುವಾರ ಮಗಳು ಅನುವಿಗೆ ಆಟದ ಅಡುಗೆಮನೆ ಮಾಡಲು ಕೂತ. ನಾನು ಮಳವಳ್ಳಿಯಲ್ಲಿ ಸಾಮಾನು ತೆಗೆದುಕೊಂಡು ಬಸ್ಸಿಳಿದು ಬರುವಷ್ಟರಲ್ಲಿ ಮುಗಿಸಿಯೂ ಬಿಟ್ಟಿದ್ದ.

ಹಳೇ ಟಿ.ವಿ. ಸ್ಟ್ಯಾಂಡೇ ಅಡುಗೆ ಕಟ್ಟೆ. ಬಾಟಲಿ ಮುಚ್ಚಳ ತಿರುಗಿಸಿದರೆ ಒಲೆ ಹತ್ತಿದಂತೆ ಲೆಕ್ಕ. ತೂತುಬಿದ್ದ ಸ್ಟೀಲ್ ಬೋಗುಣಿಯನ್ನು ಸಿಂಕು ಮಾಡಿದ್ದ. ಕಾಫಿಪುಡಿಯ ಖಾಲಿ ಡಬ್ಬಿಗಳಿಗೆ ಮರಳು ತುಂಬಿ ಅಕ್ಕಿ, ಬೇಳೆ, ರವೆ ಎಂದು ಹೆಸರಿಟ್ಟಿದ್ದ. ನಡುವಿಗೆ ಟವೆಲು ಸಿಕ್ಕಿಸಿಕೊಂಡು ಅನು ಥೇಟ್ ನನ್ನ ಹಾಗೇ ಸೌಟು ಆಡಿಸುತ್ತಿದ್ದಳು. ನಗು ಬಂತು. ಆದರೆ ಜಗಲಿಯಲ್ಲಿ ಏನೋ ಘಾಟು ವಾಸನೆ.

"ತೇಜು ಎಲ್ಲಿ ಅತ್ತೆ?"

"ತೊಟ್ಲಲ್ಲವ್ನೆ ಕಣಮ್ಮ ಚಂದನಾ. ಈಗ್ತಾನೆ ಮನಿಕಂಡ," ಎಂದರು ಅತ್ತೆ.

ವರ್ಷ ತುಂಬದ ಮಗ ಈ ಹೊತ್ತಿನಲ್ಲಿ ಮಲಗುವವನಲ್ಲ. ಇವತ್ತಾದರೂ ಮಲಗಿದನಲ್ಲ ಎಂದು ಖುಷಿಯೇ ಆಯಿತು. ಕಾಲು ತೊಳೆಯಲು ಹಿತ್ತಲಿಗೆ ಹೋದರೆ ಅತ್ತೆಯ ಹೇಂಟೆ ರೆಕ್ಕೆ ಹರಡಿಕೊಂಡು ಸತ್ತುಬಿದ್ದಿತ್ತು. ಬೆಳಿಗ್ಗೆ ನನ್ನ ಕಾಲಿಗೇ ತೊಡರುತ್ತಿದ್ದ ಕೋಳಿ.

ಅಷ್ಟರಲ್ಲಿ ಗದ್ದೆಯಿಂದ ಬಂದ ಮಾವ ಕರಿಸಿದ್ದಯ್ಯ ಕೊಟ್ಟಿಗೆಯಿಂದಲೇ ಕೂಗಿದರು.

"ಲೇ ಸಿದ್ರಾಮು, ಚೀಲದಲ್ಲಿದ್ದ ಮರಳು ಎಲ್ಲೋಯ್ತಲಾ?"

"ಅನುಗೆ ಆಟಕ್ಕೆ ಡಬ್ಬಿಗ್ ತುಂಬ್ಕೊಟ್ಟೆ ಕಣಪ್ಪ. ಯಾಕೆ?"

"ಅಯ್ಯೋ ಮುಂಡೇದೆ! ಬತ್ತದ್ ಸಸಿಗೆ ಎರಚಾಕೆ ಉಳದ್ ಔಸ್ದಿ ಕಲ್ಸಿ ಮಡಗಿದ್ನಲ್ಲೋ!"

ನಮ್ಮ ಕಡೆ ಮಾಡುವುದೇ ಹಾಗೆ. ಹುಳದ ಔಷಧಿಯ ಹರಳು ಮಡಿಯ ತುಂಬ ಸಮನಾಗಿ ಬೀಳಲಿ ಎಂದು ಮರಳಿಗೆ ಬೆರೆಸಿ ಎರಚುತ್ತಾರೆ. ಬೆರೆತ ಮೇಲೆ ಯಾವುದು ಮರಳು, ಯಾವುದು ವಿಷ, ಕಣ್ಣಿಗೆ ಗೊತ್ತಾಗುವುದಿಲ್ಲ.

ಚೆಂಬು ಎಸೆದು ಓಡಿದೆ. ಅನುವಿನ ದವಡೆ ಹಿಡಿದು ಬಾಯಿ ತೆರೆಸಿದೆ, ನಾಲಿಗೆಯಡಿ ಬೆರಳಾಡಿಸಿದೆ. ಹಲ್ಲು, ಒಸಡು, ಗಂಟಲು, ಎಲ್ಲೂ ಒಂದು ಹರಳಿಲ್ಲ.

"ತಿಂದ್ಯೇನೇ? ನಿಜ ಹೇಳು!"

"ಇಲ್ಲ ಕಣಮ್ಮ, ತಿಂದಿಲ್ಲ."

ಸಿದ್ದರಾಮು ತಲೆ ಮೇಲೆ ಕೈಹೊತ್ತು ಅಲ್ಲೇ ಕುಸಿದ. ಅವನನ್ನು ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಮಗಳ ಕೈಯನ್ನು ಸೋಪು ಹಾಕಿ ತೊಳೆದೆ, ಮತ್ತೆ ತೊಳೆದೆ. ಮುತ್ತತ್ತಿರಾಯ, ನನ್ನ ಮಗಳನ್ನು ಉಳಿಸಿಕೊಟ್ಟೆಯಪ್ಪ ಎಂದು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅಷ್ಟು ಹಗುರ ನನಗೆ ಎಂದೂ ಅನ್ನಿಸಿರಲಿಲ್ಲ.

ಅನುವಿಗೆ ನನ್ನ ಅಳು ಅರ್ಥವಾಗಲಿಲ್ಲ. ತನ್ನ ಮೇಲೆ ತಪ್ಪು ಹೊರಿಸುತ್ತಿದ್ದೇನೆ ಎಂದುಕೊಂಡಳೇನೋ, ಮುಖ ಊದಿಸಿಕೊಂಡಳು.

"ಅಡ್ಗೆ ಮಾಡ್ದೋರು ಮೊದ್ಲು ಉಂಡಾರಾ? ನೀನೂ ಉಣ್ಣಲ್ವಲ್ಲ. ಗಂಡುಸ್ರಿಗೆಲ್ಲ ಇಕ್ಕಿ ಆಮೇಲೆ ತಾನೆ ನೀನು ಕೂರಾದು?"

"ಹೂಂ ಕಂದ, ಅದಕ್ಕೇ ನೀನು..."

"ಅದ್ಕೇ ನಾನು ತೇಜುಗೆ ಮೊದ್ಲು ಉಣ್ಣಿಸ್ದೆ. ಚೆಂದಾಗಿ ಉಂಡ ಕಣಮ್ಮ. ಬಟ್ಲು ಪೂರ್ತಿ ಖಾಲಿ."

ಒಳಗಿನಿಂದ ಅತ್ತೆಯ ಕೂಗು ಕೇಳಿತು.

"ಚಂದನಾ, ಬಾರವ್ವ ಬೇಗ! ಮಗೀನ್ ಬಾಯಲ್ಲಿ ನೊರೆ ಬತ್ತಾ ಅದೆ!"