ಹೊನ್ನಾವರದ ಖುರ್ಷೀದಾ

ಸುಳ್ಳು ಹೇಳಲೇಬೇಕೆಂದು ಖುರ್ಷೀದಾ ಹೇಳಿದ್ದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಭಾನುವಾರ ರಸೆಲ್ ಮಾರುಕಟ್ಟೆಯ ಅವಳ ಮೀನಿನ ಕಟ್ಟೆಯ ಮುಂದೆ ಹೊಸ ಗಿರಾಕಿಯೊಬ್ಬರು ನಿಂತು, "ನಿಮ್ಮದು ಸಮುದ್ರದ ಕಡೆ ಊರಾ?" ಎಂದು ಕೇಳಿದರು. ಪಕ್ಕದ ಕಟ್ಟೆಯವನು ಮಂಗಳೂರಿನವನು, ಅದನ್ನೇ ಕೂಗಿಕೂಗಿ ಗಿರಾಕಿ ಎಳೆಯುತ್ತಿದ್ದ. ಖುರ್ಷೀದಾಳಿಗೆ ಉರಿಯಿತು. ಎದುರಿಗಿದ್ದ ಐಸ್ ಪೆಟ್ಟಿಗೆಯ ಮೇಲೆ ಹೊನ್ನಾವರ ಎಂದು ಬರೆದಿತ್ತು. "ಹ್ಞೂ ಮೇಡಂ, ಹೊನ್ನಾವರ," ಎಂದುಬಿಟ್ಟಳು.

ಹುಟ್ಟಿದ್ದು ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿ. ಟಿನ್ ಫ್ಯಾಕ್ಟರಿ ದಾಟಿ ಕೋಲಾರಕ್ಕೆ ಒಂದು ಮದುವೆಗೆ ಹೋಗಿದ್ದೇ ಅವಳ ದೊಡ್ಡ ಪ್ರಯಾಣ. ಕಂಡ ದೊಡ್ಡ ನೀರೆಂದರೆ ಹಲಸೂರು ಕೆರೆ. ಆದರೆ ಮೀನು ಗೊತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಆ ಹೊಸ ಗಿರಾಕಿ, ದೊಮ್ಮಲೂರಿನ ಶಾಲೆಯ ಟೀಚರ್ ರಾಜೇಶ್ವರಿ ಮೇಡಂ, ಬಂಗುಡೆ ಆರಿಸುವುದನ್ನು ಕಲಿತದ್ದೇ ಅವಳಿಂದ. ಕಿವಿರು ಕೆಂಪಗಿರಬೇಕು. ತಲೆ ಹಿಡಿದು ಅಡ್ಡಡ್ಡ ಎತ್ತಿದರೆ ಬಾಲ ನೆಟ್ಟಗೆ ನಿಲ್ಲಬೇಕು. ಜೋತುಬಿದ್ದರೆ ಹಳೆಯದು. ಮೇಡಂ ಪ್ರತಿ ಭಾನುವಾರ ಬರುತ್ತಿದ್ದರು, ತಮ್ಮ ಬೀದಿಯ ಅರ್ಧ ಜನರನ್ನೂ ಕರೆತಂದಿದ್ದರು. ಮೀನು ತೂಗಿಸಿ ಪ್ರತಿ ಸಲವೂ ಹೇಳುತ್ತಿದ್ದುದು ಒಂದೇ ಮಾತು: "ಕ್ಲೀನ್ ಮಾಡ್ಕೊಡಿ. ತಲೆ ಇರ್ಲಿ."

ಈ ವರ್ಷ ಮೇಡಂ ರಿಟೈರ್ ಆದರು. ಆಗಿ ಸುಮ್ಮನೆ ಮನೆಯಲ್ಲಿ ಕೂರಬಾರದೇ? ಬೀದಿಯ ಹೆಂಗಸರನ್ನೆಲ್ಲ ಸೇರಿಸಿ ಟೆಂಪೋ ಟ್ರಾವೆಲರ್ ಬುಕ್ ಮಾಡಿದರು. ಹೊನ್ನಾವರದಿಂದ ಅರ್ಧ ಗಂಟೆಯ ದಾರಿ, ತೆಂಕಕೇರಿ ಎಂಬ ಹಳ್ಳಿ, ಮೂರು ದಿನ. "ನಿಮ್ಮೂರಿನ ಪಕ್ಕ ಕಣ್ರೀ. ನೀವೇ ನಮ್ಮ ಗೈಡು!"

ಖುರ್ಷೀದಾ ಮಂಡಿನೋವು ಎಂದಳು, ಅಂಗಡಿ ಎಂದಳು. ಮಗಳು ಅಲಿಯಾ ನಗು ತಡೆದುಕೊಂಡು, "ಹೋಗ್ಬಾ ಅಮ್ಮೀ, ಅಂಗಡಿ ನಾನ್ ನೋಡ್ಕೋತೀನಿ," ಎಂದು ಕೈಕೊಟ್ಟಳು. ಖುರ್ಷೀದಾಳಿಗೆ ನಿದ್ದೆ ಹಾರಿತು. ಊರಿನ ವಿಷಯದಲ್ಲೇ ಸುಳ್ಳು ಹೇಳಿದವಳು ಮೀನು ತಾಜಾ ಎಂದರೆ ಇನ್ನು ಯಾರು ನಂಬುತ್ತಾರೆ? ಗಿರಾಕಿ ಹೋದರೆ ಹೋಗಲಿ, ಮೇಡಂ ಮುಖ ತಿರುಗಿಸಿಕೊಂಡರೆ ತಡೆಯುವುದು ಹೇಗೆ?

ತಿರುವಿನಲ್ಲಿ ಕಡಲು ಕಂಡಾಗ ಗಾಡಿಯಲ್ಲಿದ್ದವರೆಲ್ಲ ಹೋ ಎಂದು ಕಿರುಚಿದರು. ಖುರ್ಷೀದಾಳಿಗೂ ಕಿರುಚಬೇಕಿತ್ತು, ಬಾಯಿಗೆ ದುಪಟ್ಟಾ ಒತ್ತಿಕೊಂಡು ಆಕಳಿಸಿದಂತೆ ನಟಿಸಿ ಕಿಟಕಿಯಿಂದ ಮುಖ ತಿರುಗಿಸಿದಳು. "ಬಿಡಿ ಮೇಡಂ, ನಮಗಿದೆಲ್ಲಾ ಮಾಮೂಲಿ." ಐವತ್ತೆಂಟು ವರ್ಷಕ್ಕೆ ಮೊದಲ ಸಲ ಸಮುದ್ರ ನೋಡಿ ಆಕಳಿಸಬೇಕಾಗಿ ಬಂದ ಹೆಂಗಸು ಈ ಭೂಮಿಯ ಮೇಲೆ ಇವಳೊಬ್ಬಳೇ ಇರಬೇಕು.

ಮೊದಲ ದಿನ ಹೇಗೋ ದಾಟಿತು. ಅವರು ಇಳಿದುಕೊಂಡಿದ್ದ ಮನೆಯ ಮಧುಕರ್, ಊರಿನ ಬಲೆಯಲ್ಲೂ ಪಾಲುದಾರ, ಎಲ್ಲರನ್ನೂ ದೋಣಿಯಲ್ಲಿ ಕೂರಿಸಿ ಹೊಳೆಯ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಕಾಡಿನೊಳಗೆ ಸುತ್ತಿಸಿದ. ನೀರಿನಿಂದ ಮೇಲೆದ್ದ ಬೇರುಗಳನ್ನು ತೋರಿಸಿ ಯಾರೋ ಏನೆಂದು ಕೇಳಿದರೆ, ಖುರ್ಷೀದಾ "ಅದು ಬೇರು," ಎಂದಳು. ತಪ್ಪೇನಿಲ್ಲವಲ್ಲ. ಸಂಜೆ ದೀಪಸ್ತಂಭದ ಮೆಟ್ಟಿಲು ಹತ್ತುವಾಗ ಮಂಡಿನೋವು ಮರೆತು ಎಲ್ಲರಿಗಿಂತ ಮುಂದಿದ್ದಳು. ತುದಿಯಲ್ಲಿ ನಿಂತು ದೂರದ ನಡುಗಡ್ಡೆಯನ್ನು ತೋರಿಸಿ, "ಅಲ್ಲೇ ನಮ್ಮ ಚಾಚಾನ ಮನೆ," ಎಂದಳು. ಅದು ಬರೀ ಬಂಡೆಯೆಂದು ಬಲ್ಲ ಮಧುಕರ್ ಒಮ್ಮೆ ಕೆಮ್ಮಿದ.

ಕೈಕೊಟ್ಟದ್ದು ಮೀನೇ. ಮರುದಿನ ಬೆಳಿಗ್ಗೆ ದಡಕ್ಕೆ ಹೋಗುವಷ್ಟರಲ್ಲಿ ಒಂದು ಬಲೆ ಬಂದು, ಬುಟ್ಟಿಗಳಲ್ಲಿ ಬಂಗುಡೆ ತುಂಬಿತ್ತು. ಬುಟ್ಟಿಯ ಮುಂದೆ ಯಶೋದಮ್ಮ ಎಂಬ ಮುದುಕಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಮೀನು ಕಂಡೊಡನೆ ಖುರ್ಷೀದಾಳಿಗೆ ಜೀವ ಬಂತು. ಕೊನೆಗೂ ತನಗೆ ಗೊತ್ತಿರುವ ವಿಷಯ! ಒಂದನ್ನು ತಲೆ ಹಿಡಿದು ಅಡ್ಡ ಎತ್ತಿದಳು. ಬಾಲ ಹಸಿ ಬಟ್ಟೆಯಂತೆ ಜೋತುಬಿತ್ತು.

"ಬೇಡ ಮೇಡಂ. ನಿನ್ನೇದು. ಮೋಸ ಮಾಡ್ತಿದಾರೆ," ಎಂದಳು ಜೋರಾಗಿ.

ಯಶೋದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಮಾರಾಯ್ತಿ! ನೀರಿಂದ ಬಂದು ಅರ್ಧ ತಾಸಾಗ್ಲಿಲ್ಲ. ಆಗಷ್ಟೇ ಸತ್ತ ಮೀನು ಮೆತ್ತಗೇ ಇರ್ತದೆ. ಸೆಟೆದುಕೊಳ್ಳೋದು ಆಮೇಲೆ, ಐಸಿಗೆ ಹಾಕೋ ಹೊತ್ತಿಗೆ. ಯಾವೂರಿನವಳೇ ನೀನು?"

"ಹೊನ್ನಾವರ," ಎಂದರು ರಾಜೇಶ್ವರಿ ಮೇಡಂ ಹೆಮ್ಮೆಯಿಂದ.

"ಹೊನ್ನಾವರದವಳು ಹೀಗೆ ಹೇಳಿದ್ರೆ ನಾ ನಂಬ್ತೇನಾ?" ಎಂದಳು ಮುದುಕಿ. ಮೇಡಂ ಖುರ್ಷೀದಾಳ ಕಡೆ ತಿರುಗಿದರು. ಉತ್ತರ ತಪ್ಪೆಂದು ಗೊತ್ತಾದ ಟೀಚರ್ ಮಕ್ಕಳನ್ನು ನೋಡುವ ನೋಟ ಅದು. ಅಷ್ಟರಲ್ಲಿ ನೀರಿನಂಚಿನಿಂದ ಕೂಗು ಬಂತು. ಎರಡನೆಯ ಬಲೆ ಬಿಟ್ಟಿದ್ದರು, ಹಗ್ಗ ಎಳೆಯಲು ಕೈ ಸಾಲದು, ಬನ್ನಿ ಬನ್ನಿ! ಖುರ್ಷೀದಾ ತಪ್ಪಿಸಿಕೊಂಡರೆ ಸಾಕೆಂದು ಓಡಿ ಹಗ್ಗ ಹಿಡಿದಳು.

ಅದು ಕೈರಂಪಣಿ, ಎಂದರೆ ದೋಣಿಯಲ್ಲಿ ಹೋಗಿ ಕಡಲಲ್ಲಿ ಸುತ್ತುಗಟ್ಟಿ ಬಿಟ್ಟ ದೊಡ್ಡ ಬಲೆಯನ್ನು ದಡದಿಂದ ಎರಡು ಹಗ್ಗ ಹಿಡಿದು ಊರೇ ಎಳೆಯುವುದು. ಮುಕ್ಕಾಲು ಗಂಟೆ ಎಳೆದಳು. ಅಂಗೈ ಸುಲಿಯಿತು, ಸಲ್ವಾರ್ ತೊಡೆಯವರೆಗೆ ನೆನೆಯಿತು. ಅಲೆ ಪಾದದ ಕೆಳಗಿನ ಮರಳನ್ನು ಎಳೆದುಕೊಂಡು ಹೋದಾಗ ಕಚಗುಳಿಯಾಗಿ ನಗು ಬಂತು, ಮೇಡಂ ಹಿಂದೆಯೇ ಇದ್ದಾರೆಂದು ಅದನ್ನೂ ನುಂಗಿದಳು. ಬಲೆಯ ಹೊಟ್ಟೆ ಮೇಲೆ ಬಂದಾಗ ಮೀನುಗಳು ಹಸಿರು, ನೀಲಿ, ಬೆಳ್ಳಿ ಬಣ್ಣದಲ್ಲಿ ಕುಣಿದವು. ಮೂವತ್ತು ವರ್ಷ ಮಾರಿದ ಬಂಗುಡೆಗೆ ಇಂಥ ಬಣ್ಣವಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಅಲ್ಲಿನ ಪದ್ಧತಿಯಂತೆ ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು, ದಾರಿಹೋಕರಾದರೂ ಸರಿ. ಊರು, ಹೆಸರು ಹಿಡಿದು ಕೂಗುತ್ತಾರೆ. ಕೂಗಿಸಿಕೊಂಡವರು ಬಂದು ಸೆರಗೊಡ್ಡಬೇಕು. ಮಧುಕರ್ ಕೂಗಿದ. "ದೊಮ್ಮಲೂರಿನ ರಾಜೇಶ್ವರಿ!" ಮೇಡಂ ಪುಟ್ಟ ಹುಡುಗಿಯಂತೆ ಓಡಿ ನಾಲ್ಕು ಬಂಗುಡೆ ತಂದರು. "ಹೊನ್ನಾವರದ ಖುರ್ಷೀದಾ!"

ಖುರ್ಷೀದಾ ಕಾಲು ಎತ್ತಲಿಲ್ಲ. ಅಂಗೈ ಉರಿಯುತ್ತಿತ್ತು. ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಮೀನು ಕೊಟ್ಟಿರಲಿಲ್ಲ, ಎಲ್ಲ ಕೊಂಡದ್ದೇ. ತನ್ನ ಕೈಯಾರೆ ಎಳೆದ ಈ ನಾಲ್ಕನ್ನು ಇಲ್ಲದವಳೊಬ್ಬಳ ಹೆಸರಿನಲ್ಲಿ ತೆಗೆದುಕೊಳ್ಳುವುದೇ? ಮಧುಕರ್ ಮತ್ತೊಮ್ಮೆ ಕೂಗಿದ.

"ಅಂಥವಳು ಯಾರೂ ಇಲ್ಲ ಇಲ್ಲಿ," ಎಂದಳು. "ಶಿವಾಜಿನಗರದ ಖುರ್ಷೀದಾ ಅಂತ ಕರೀರಿ. ನಾನು ಹೊನ್ನಾವರದವಳಲ್ಲ, ಮೇಡಂ. ಸಮುದ್ರ ನೋಡಿದ್ದೇ ನಿನ್ನೆ. ಸುಳ್ಳು ಹೇಳ್ಬಿಟ್ಟೆ. ಮಾಫ್ ಮಾಡಿ."

ಮಧುಕರ್ ಗಂಟಲು ಸರಿಮಾಡಿಕೊಂಡು, "ಶಿವಾಜಿನಗರದ ಖುರ್ಷೀದಾ!" ಎಂದು ಮೊದಲಿಗಿಂತ ಜೋರಾಗಿ ಕೂಗಿದ. ಅವಳು ಹೋಗಿ ದುಪಟ್ಟಾ ಒಡ್ಡಿದಳು. ನಾಲ್ಕು ಮೀನು ಬಿದ್ದವು. ತಿರುಗಿ ನೋಡಲು ಧೈರ್ಯವಾಗದೆ ಅಲ್ಲೇ ನಿಂತಳು.

"ಇಪ್ಪತ್ತೆರಡು ವರ್ಷ!" ಎಂದರು ಮೇಡಂ ಹಿಂದಿನಿಂದ. "ಸ್ಕೂಲಲ್ಲೆಲ್ಲಾ ಹೇಳ್ಕೊಂಡು ತಿರುಗಿದೀನಿ ಕಣ್ರೀ, ನಮ್ಮ ಮೀನಿನವ್ರು ಹೊನ್ನಾವರದವ್ರು ಅಂತ." ದನಿಯಲ್ಲಿ ಸಿಟ್ಟೇ ಇತ್ತು. ಖುರ್ಷೀದಾ ತಲೆ ತಗ್ಗಿಸಿದಳು. ಆಮೇಲೆ ಮೇಡಂ ಹತ್ತಿರ ಬಂದು, ತಮ್ಮ ಪಾಲಿನ ಬಂಗುಡೆಯೊಂದನ್ನು ತಲೆ ಹಿಡಿದು ಅಡ್ಡ ಎತ್ತಿ, ಜೋತುಬಿದ್ದ ಬಾಲವನ್ನು ನೋಡಿದರು. ನಾಲ್ಕನ್ನೂ ಖುರ್ಷೀದಾಳ ದುಪಟ್ಟಾದೊಳಗೆ ಹಾಕಿದರು.

"ಕ್ಲೀನ್ ಮಾಡ್ಕೊಡಿ," ಎಂದರು. "ತಲೆ ಇರ್ಲಿ."

ಖುರ್ಷೀದಾ ಒದ್ದೆ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಕಡಲಿನ ಕಡೆ ತಿರುಗಿ, ಎಂಟು ಬಂಗುಡೆ ಎದೆಗವಚಿಕೊಂಡು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬಾಯಿ ಬಿಟ್ಟು ನೋಡಿದಳು.

"ಯಾ ಅಲ್ಲಾ!" ಎಂದು ಕಿರುಚಿದಳು. "ಮೇಡಂ, ಇದಕ್ಕೆ ಆಚೆ ದಡಾನೇ ಇಲ್ವಲ್ರೀ!"