ಮಿಷನ್ನಿನ ಗೂಡು

ನೀರೇ ಇರಬಹುದಲ್ಲ? ಹಲಗೆ ಒದ್ದೆಯಾಗಿತ್ತು ಅಂತ ಹೆಂಡತಿಯೇ ಹೇಳುತ್ತಾಳೆ. ಒದ್ದೆ ಹಲಗೆಯ ಮೇಲೆ ಹಿಟ್ಟು ಕಲಸುವ ಹನ್ನೊಂದು ಕಿಲೋ ತೂಕದ ಮಿಷನ್ನು ಜಾರುವುದು ಆಗದ ಮಾತೇನಲ್ಲ. ಆದರೆ ಅದರ ಕಾಲಿಗೆ ರಬ್ಬರ್ ಬಿಲ್ಲೆಗಳಿವೆ. ರಬ್ಬರ್ ಒದ್ದೆಯಲ್ಲಿ ಜಾರುತ್ತದೆಯೇ? ಜಾರಬಹುದು. ಹಲಗೆ ಮಟ್ಟವಾಗಿದ್ದರೆ ಜಾರದೆಯೂ ಇರಬಹುದು.

ಹಲಗೆ ಮಟ್ಟವಾಗಿರಲಿಲ್ಲ. ಯೋಚನೆ ಎಲ್ಲಿಂದ ಹೊರಟರೂ ಇಲ್ಲಿಗೇ ಬಂದು ನಿಲ್ಲುತ್ತಿತ್ತು.

ಮೇಸ್ತ್ರಿ ತನ್ನದೇ ಅಡುಗೆಮನೆಯ ನೆಲದಲ್ಲಿ ಮಂಡಿಯೂರಿ, ಕೆಳಗಿನ ಕಪಾಟಿನೊಳಗೆ ತಲೆ ತೂರಿಸಿ ಕೂತಿದ್ದ. ಕೈಯಲ್ಲಿ ಸ್ಕ್ರೂಡ್ರೈವರ್. ಪಕ್ಕದಲ್ಲಿ ಅಂಗಡಿಯಿಂದ ತಂದ ಹೊಸ ಪೊಟ್ಟಣ. ಹೆಂಡತಿಯನ್ನು ಅವಳ ತಂಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಬೆರಳಿನ ವ್ಯಾಯಾಮ ಮಾಡಿಸಿ ಬರುವುದಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ಅಷ್ಟರೊಳಗೆ ಹಲಗೆಯನ್ನು ಎತ್ತುವ ಹಳೇ ಕಬ್ಬಿಣದ ತೋಳುಗಳನ್ನು ಬಿಚ್ಚಿ ಹೊಸ ಜೋಡಿ ಹಾಕಬೇಕು. ಮೊದಲು ಸರಿ ಮಾಡೋಣ, ಆಮೇಲೆ ಹೇಳೋಣ. ಬರಿಗೈಯಲ್ಲಿ ಹೋಗಿ ತಪ್ಪೊಪ್ಪಿಕೊಳ್ಳುವುದಕ್ಕಿಂತ ಇದು ಮೇಲು ಎಂದು ಅವನಿಗೆ ಅನ್ನಿಸಿತ್ತು.

ಇಪ್ಪತ್ತು ವರ್ಷದಿಂದ ಊರವರ ಅಡುಗೆಮನೆಗಳಿಗೆ ಕಪಾಟು ಕೂಡಿಸುವುದೇ ಅವನ ಕಸುಬು. ಅವನ ಸ್ವಂತ ಅಡುಗೆಮನೆ ಮಾತ್ರ ಆ ಎಲ್ಲ ಮನೆಗಳ ಮಿಗತೆಯಿಂದ ಆದದ್ದು. ಒಂದು ಬಾಗಿಲು ಬೂದು, ಒಂದು ಹಸಿರು, ಒಂದಕ್ಕೆ ಮರದ ಗೆರೆ. ಹಿಡಿಗಳು ಐದು ನಮೂನೆಯವು. "ಭಾವ ಯಾವ್ಯಾವ ಮನೇಲಿ ಕೆಲಸ ಮಾಡಿದ್ದಾರೆ ಅಂತ ಕೇಳೋದೇ ಬೇಡ, ಇಲ್ಲಿ ಬಂದು ನಿಂತ್ರೆ ಸಾಕು" ಎಂದು ನಾದಿನಿ ಆಡಿಕೊಳ್ಳುತ್ತಿದ್ದಳು. ಅವನು ನಗುತ್ತಿದ್ದ. ಕೆಲಸ ಮುಗಿದ ಮನೆಯಲ್ಲಿ ಉಳಿದದ್ದನ್ನು ಗೋಣಿಚೀಲಕ್ಕೆ ಹಾಕಿ ತರುವುದು ಈ ಕಸುಬಿನವರ ವಾಡಿಕೆ. ಅದರಲ್ಲಿ ಅವನಿಗೆ ನಾಚಿಕೆಯೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ.

ಹೆಂಡತಿ ಎಂಟು ವರ್ಷದಿಂದ ಮನೆಯಲ್ಲೇ ಬ್ರೆಡ್ಡು, ಬನ್ನು ಮಾಡಿ ಎರಡು ಚಹಾ ಅಂಗಡಿಗೂ ಒಂದು ಶಾಲೆಯ ಕ್ಯಾಂಟೀನಿಗೂ ಕೊಡುತ್ತಿದ್ದಳು. ಹಿಟ್ಟು ಕಲಸುವ ಮಿಷನ್ನು ಅವಳ ಬಲಗೈ ಇದ್ದ ಹಾಗೆ. ಆದರೆ ಅದನ್ನು ಇಡಲು ಜಾಗವಿಲ್ಲ. ಇದ್ದ ಒಂದೇ ಕಟ್ಟೆಯ ಮೇಲೆ ಒಲೆ, ಪಾತ್ರೆ, ಊಟದ ತಟ್ಟೆ ಎಲ್ಲವೂ ಆಗಬೇಕು. ಹಾಗಾಗಿ ದಿನಾ ಬೆಳಿಗ್ಗೆ ಬಗ್ಗಿ ಕೆಳಗಿನ ಕಪಾಟಿನಿಂದ ಅದನ್ನು ಎದೆಗವಚಿ ಎತ್ತುವುದು, ಕೆಲಸವಾದ ಮೇಲೆ ಮತ್ತೆ ಬಗ್ಗಿ ಇಳಿಸುವುದು. "ರೀ, ಕಂಡವರ ಮನೇಲೆಲ್ಲ ಅದೇನೋ ಎತ್ತೋ ಹಲಗೆ ಹಾಕ್ತೀರಲ್ಲ, ನನ್ನ ಸೊಂಟ ಏನು ಕಬ್ಬಿಣದ್ದಾ?" ಎಂದು ಅವಳು ಕೇಳಿದ್ದು ಒಂದು ಸಲವಲ್ಲ.

ಎತ್ತುವ ಹಲಗೆ ಅಂದರೆ ಕಷ್ಟದ್ದೇನಲ್ಲ. ಕಪಾಟಿನ ಎರಡೂ ಪಕ್ಕಕ್ಕೆ ಸ್ಪ್ರಿಂಗು ಹಾಕಿದ ಎರಡು ಕಬ್ಬಿಣದ ತೋಳು, ನಡುವೆ ಹಲಗೆ, ಹಲಗೆಯ ಮೇಲೆ ಮಿಷನ್ನು. ಹಿಡಿ ಎಳೆದರೆ ತೋಳುಗಳು ಭಾರ ಹೊತ್ತು ಹಲಗೆಯನ್ನು ಕಟ್ಟೆಯ ಎತ್ತರಕ್ಕೆ ತಂದು ನಿಲ್ಲಿಸುತ್ತವೆ. ಆದರೆ ಎರಡೂ ತೋಳು ಒಂದೇ ತೂಕ ಹೊರುವುದಕ್ಕೆ ಮಾಡಿದವಾಗಿರಬೇಕು, ಇಲ್ಲದಿದ್ದರೆ ಹಲಗೆ ವಾಲುತ್ತದೆ.

ಆರು ತಿಂಗಳ ಹಿಂದೆ ಒಂದು ರಜೆಯ ದಿನ ಅವನು ಗೋಣಿಚೀಲ ಕೆದಕಿದಾಗ ಒಂದು ಎಡತೋಳು, ಒಂದು ಬಲತೋಳು ಸಿಕ್ಕಿದವು. ಬೇರೆ ಬೇರೆ ಮನೆಗಳಲ್ಲಿ ಉಳಿದವು. ಎಡದ್ದರ ಮೇಲಿನ ಚೀಟಿಯಲ್ಲಿ ಎಂಟು ಕಿಲೋ ಎಂದಿತ್ತು, ಬಲದ್ದರ ಮೇಲೆ ಹನ್ನೆರಡು. ಸರಿ ಜೋಡಿಗೆ ಹೇಳಿದ್ದರೆ ಅಂಗಡಿಯವನು ನಾಲ್ಕು ದಿನದಲ್ಲಿ ತರಿಸಿಕೊಡುತ್ತಿದ್ದ. ಆದರೆ ಅವಳು ಸಂತೆಗೆ ಹೋಗಿದ್ದಳು, ಬರುವಷ್ಟರಲ್ಲಿ ಮಾಡಿ ತೋರಿಸಬೇಕು ಎಂಬ ಹುರುಪು. ಎಂಟಕ್ಕೂ ಹನ್ನೆರಡಕ್ಕೂ ನಡುವೆ ಹತ್ತು, ಸರಿಹೋಗುತ್ತದೆ ಅಂದುಕೊಂಡ. ಗಿರಾಕಿಯ ಮನೆಯಲ್ಲಾಗಿದ್ದರೆ ಹೀಗೆ ಅಂದುಕೊಳ್ಳುತ್ತಿರಲಿಲ್ಲ. ಎರಡೂ ಚೀಟಿ ಉಗುರಿನಿಂದ ಕೆರೆದು ತೆಗೆದ. ಚೀಟಿ ತೆಗೆಯುವುದು ಎಲ್ಲರೂ ಮಾಡುವುದೇ. ಅಂದು ಮಾತ್ರ ತೆಗೆಯುವಾಗ ಬೆನ್ನ ಹಿಂದೆ ಒಮ್ಮೆ ನೋಡಿಕೊಂಡಿದ್ದ.

ಸಂತೆಯಿಂದ ಬಂದವಳು ಹಿಡಿ ಎಳೆದಳು, ಮಿಷನ್ನು ಎದ್ದು ಬಂತು. ಅವಳು ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು. ಆಮೇಲೆ ತಲೆ ಓರೆ ಮಾಡಿ, "ಒಂಚೂರು ಎಡಕ್ಕೆ ವಾಲತ್ತೆ ಅಲ್ವಾ?" ಅಂದಳು.

"ಹೊಸದು. ಪಳಗಬೇಕು."

ನಾಲ್ಕೂವರೆ ತಿಂಗಳು ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಬಲತೋಳು ಮುಂದಾಗಿ ಎದ್ದಿತು, ಎಡದ್ದು ಹಿಂದುಳಿಯಿತು. ಮಿಷನ್ನು ಎಡಕ್ಕೆ ಸರಿಯಿತು. ಹಿಡಿಯಲು ಬಲಗೈ ಚಾಚಿದವಳ ಎರಡು ಬೆರಳು ತೋಳಿಗೂ ಕಪಾಟಿನ ಗೋಡೆಗೂ ನಡುವೆ ಸಿಕ್ಕಿಕೊಂಡವು. ಬೆರಳು ಉಳಿಯಿತು, ನರ ಉಳಿಯಲಿಲ್ಲ. ಹೇಗಾಯಿತು ಎಂದು ಡಾಕ್ಟರು ಕೇಳಿದಾಗ ಅವನು ಬಾಯಿ ತೆರೆದಿದ್ದ. ಅವನಿಗಿಂತ ಮೊದಲು ಅವಳೇ ಹೇಳಿಬಿಟ್ಟಳು: "ನಂದೇ ತಪ್ಪು ಡಾಕ್ಟ್ರೇ. ಒದ್ದೆ ಬಟ್ಟೇಲಿ ಒರೆಸಿ ಹಾಗೇ ಬಿಟ್ಟಿದ್ದೆ." ಅವನು ಬಾಯಿ ಮುಚ್ಚಿಕೊಂಡ. ಅವನು ಮೊದಲಿನಿಂದಲೂ ಮಾತು ಕಡಿಮೆಯವನು. ಸುಮ್ಮನಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ.

ಹೊಸ ತೋಳುಗಳು ಕೂತವು. ನೋಡಲು ಹಳೆಯವುಗಳ ಹಾಗೆಯೇ ಇದ್ದವು. ಹಲಗೆಯ ಮೇಲೆ ರಸಮಟ್ಟ ಇಟ್ಟು ನೋಡಿದ. ಗುಳ್ಳೆ ನಟ್ಟನಡುವೆ ನಿಂತಿತು. ಹಳೆಯವನ್ನು ಚೀಲದ ತಳಕ್ಕೆ ತುರುಕಿ ಏಳುವಷ್ಟರಲ್ಲಿ ಮೆಟ್ಟಿಲ ಮೇಲೆ ನಾದಿನಿಯ ದನಿ ಕೇಳಿಸಿತು.

"ಭಾವ, ನಿಮ್ಮ ಹೆಂಡ್ತಿ ಇವತ್ತು ಒಂದು ಬಟ್ಟಲು ಎತ್ತಿದ್ಲು ಗೊತ್ತಾ? ಖಾಲಿ ಬಟ್ಟಲು. ಅದಕ್ಕೇ ಆ ವ್ಯಾಯಾಮ ಮಾಡಿಸೋ ಹುಡುಗಿ, ಭೇಷ್ ಅಮ್ಮಾ, ಭೇಷ್ ಅಂತ ಹೊಗಳಿದ್ದೇ ಹೊಗಳಿದ್ದು!"

"ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳೋ ಹಾಗೆ ಹೇಳ್ತಾಳೆ ಕಣೆ" ಎಂದು ಹೆಂಡತಿ ನಕ್ಕಳು. ಒಳಗೆ ಬಂದು ತೆರೆದ ಕಪಾಟು ನೋಡಿ ನಗು ನಿಲ್ಲಿಸಿದಳು. "ಏನ್ ಮಾಡ್ತಿದ್ರಿ?"

ಈಗ. ಈಗಲೇ ಹೇಳಬೇಕು. ನಾಲಿಗೆಯ ತುದಿಗೆ ಬಂದಿತ್ತು.

"ಕಿತ್ತು ಹಾಕ್ತಿದ್ದಾರೆ, ಇನ್ನೇನು" ಎಂದಳು ನಾದಿನಿ. "ಕೀಳಿ ಭಾವ, ಈ ಯಮನ ತೊಟ್ಟಿಲು ಮನೇಲಿ ಬೇಡ."

"ಸುಮ್ನಿರೆ. ಅದೇನು ಮಾಡಿತ್ತು ಪಾಪ?" ಹೆಂಡತಿ ಹತ್ತಿರ ಬಂದಳು. "ಆವತ್ತಿಂದ ನಾನು ಮುಟ್ಟೇ ಇಲ್ಲ. ರೀ, ಮಿಷನ್ನು ಇಡಿ ಅದರ ಮೇಲೆ. ಒಂದು ಸಲ ನೋಡ್ತೀನಿ."

"ಇವತ್ತು ಬೇಡ" ಎಂದ ಅವನು.

"ಇಡಿ ಅಂದೆ."

ಅವನು ಇಟ್ಟ. ಅವಳು ಎಡಗೈಯಿಂದ ಹಿಡಿ ಎಳೆದಳು. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಹಲಗೆ ಎದ್ದು ಬಂತು. ಇಳಿಸಿದಳು, ಮತ್ತೆ ಎಳೆದಳು. ಮೂರು ಸಲ.

"ನೋಡಿ, ಈಗ ವಾಲೋದೇ ಇಲ್ಲ. ನೀವು ಹೇಳಿದ ಹಾಗೇ ಪಳಗಿದೆ."

ಅವನು ಚೀಲದ ಬಾಯಿ ಮಡಿಚಿದ.

"ಒಣಗಿದೆಯಲ್ಲ, ಅದಕ್ಕೆ" ಎಂದಳು ನಾದಿನಿ. ಅನುಮಾನ ಬಂದರೆ ಬಿಡುವ ಜಾತಿಯವಳಲ್ಲ ಅವಳು. ಸಿಂಕಿನಿಂದ ಬಟ್ಟೆ ಹಿಂಡದೆಯೇ ತಂದು, ಮಿಷನ್ನನ್ನು ಅವನ ಕೈಗೆ ಎತ್ತಿಕೊಟ್ಟು, ಹಲಗೆಯ ಮೇಲೆಲ್ಲ ನೀರು ಬಳಿದಳು. "ಈಗ ಇಡಿ ಭಾವ. ಅಕ್ಕ, ನೀನು ದೂರ ನಿಲ್ಲು, ನಾನು ಎಳೀತೀನಿ."

ಅವನು ಮಿಷನ್ನು ಹಿಡಿದುಕೊಂಡು ನಿಂತೇ ಇದ್ದ. ಹನ್ನೊಂದು ಕಿಲೋ ಎಷ್ಟು ಭಾರ ಎಂಬುದು ಅವನಿಗೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ತಿಳಿಯುತ್ತಿತ್ತು.

"ಇಡಿ ಭಾವ, ಏನು ದೇವರ ಧ್ಯಾನ ಮಾಡ್ತಿದ್ದೀರಾ?"

ಇಟ್ಟ. ನಾದಿನಿ ಎಳೆದಳು. ನೀರು ಹಲಗೆಯ ಅಂಚಿನಿಂದ ತೊಟ್ಟಿಕ್ಕಿತು. ಮಿಷನ್ನು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಆಕೆ ಬೇಕೆಂದೇ ಜೋರಾಗಿ ಎಳೆದಳು. ಆಗಲೂ ಅಲುಗಲಿಲ್ಲ.

ಕಪಾಟಿನೊಳಗೆ ನೀರು ಬೀಳುತ್ತಲೇ ಇತ್ತು.

"ಹಾಗಾದ್ರೆ ನೀರಲ್ಲ" ಎಂದಳು ಹೆಂಡತಿ ನಿಧಾನವಾಗಿ. ಪಟ್ಟಿ ಸುತ್ತಿದ ಕೈಯನ್ನು ಮುಂದೆ ಹಿಡಿದು, ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿಕೊಂಡಳು. "ನೀರಲ್ಲ. ನನ್ನ ಕೈಯೇ ಸರಿಯಿರ್ಲಿಲ್ಲ."

"ಹಾಗಂದ್ರೆ?"

"ಏನೋ ಮಾಡಿದೀನಿ ಕಣೆ. ಸೊಟ್ಟ ಎಳೆದ್ನೋ, ತಳ್ಳಿದ್ನೋ. ಏನು ಮಾಡ್ದೆ ಅಂತ ನಂಗೇ ಗೊತ್ತಿಲ್ಲ. ನೀರಾಗಿದ್ದಿದ್ರೆ ಮುಂದೆ ಒಣಗಿಸಿಕೊಂಡು ಇಡಬಹುದಾಗಿತ್ತು. ಗೊತ್ತೇ ಇಲ್ಲದ್ದನ್ನ ಏನಂತ ತಿದ್ದಿಕೊಳ್ಳೋದು?" ಅವಳ ದನಿಯಲ್ಲಿ ಅಳು ಇರಲಿಲ್ಲ. ಇದ್ದಿದ್ದರೆ ಅವನು ಬಾಯಿ ಬಿಡುತ್ತಿದ್ದನೇನೋ. "ಬೆಂಕಿ ಮುಂದೆ, ಕಾದ ತಟ್ಟೆ ಮುಂದೆ ಈ ಕೈ ನಂಬಿಕೊಂಡು ನಿಲ್ಲಲಾ? ಸಾಕು. ಮಿಷನ್ನು ನೀನು ತಗೊಂಡು ಹೋಗು."

"ಅಕ್ಕಾ, ತಲೆ ಕೆಟ್ಟಿದೆಯಾ? ಭಾವ, ನೀವಾದ್ರೂ ಹೇಳಿ!"

ಇಬ್ಬರೂ ಅವನ ಕಡೆ ತಿರುಗಿದರು. ಹೆಂಡತಿಯ ಕಣ್ಣಲ್ಲಿ ಒಂದು ಸಣ್ಣ ಆಸೆ ಇತ್ತು. ನಿನ್ನ ಕೈ ಸರಿಯಿತ್ತು ಎಂದು ಅವನು ಹೇಳಲಿ ಎಂಬ ಆಸೆ. ಅವನು ಅದನ್ನು ನೋಡಿದ. ಚೀಲ ಅವನ ಕಾಲ ಬಳಿಯೇ ಇತ್ತು. ಬಗ್ಗಿ ಕೈ ಹಾಕಿದರೆ ಸಾಕಿತ್ತು.

"ಅವಳಿಗೆ ಹೇಗೆ ಅನ್ಸತ್ತೋ ಹಾಗೆ" ಎಂದ.

ಆ ಆಸೆ ಆರಿಹೋಯಿತು. ಅವಳು ತಲೆಯಾಡಿಸಿದಳು, ತಾನು ಅಂದುಕೊಂಡದ್ದೇ ನಿಜ ಎನ್ನುವ ಹಾಗೆ.

ಮಿಷನ್ನನ್ನು ಅವನೇ ಹೊತ್ತು ಕೆಳಗಿಳಿಸಿದ. ನಾದಿನಿ ಗಾಡಿಯ ಹಿಂದಿನ ಸೀಟಿನಲ್ಲಿ ಹಳೇ ಸೀರೆ ಹಾಸಿ, "ನಾಲ್ಕು ದಿನ ಅಷ್ಟೇ, ಆಮೇಲೆ ಅವಳೇ ಬಂದು ಕಿತ್ಕೊಂಡು ಹೋಗ್ತಾಳೆ ನೋಡಿ" ಎಂದಳು. ಅವನು ಹೂಂ ಅಂದ. ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕ್ಯಾಂಟೀನಿಗೆ ಆಗಲೇ ಬೇರೆಯವರು ಬನ್ನು ಕೊಡತೊಡಗಿದ್ದರು.

ಮೇಲೆ ಬಂದಾಗ ಅವಳು ಕಪಾಟಿನ ಮುಂದೆ ಕುಳಿತಿದ್ದಳು. ಹಲಗೆಯ ಮೇಲೆ ಸಣ್ಣ ಡಬ್ಬಿಗಳನ್ನು ಜೋಡಿಸಿ ಕೆಳಗೆ ಒತ್ತುತ್ತಿದ್ದಳು. ಬಿಟ್ಟ ಕೂಡಲೇ ಅದು ಮೇಲೇಳುತ್ತಿತ್ತು.

"ಕೂರ್ತಾನೇ ಇಲ್ವಲ್ಲ?"

"ಭಾರ ಬೇಕು ಅದಕ್ಕೆ. ಇಲ್ಲದಿದ್ರೆ ಇಳಿಯಲ್ಲ."

"ಹಾಗಾದ್ರೆ ತೆಗೆದುಬಿಡಿ. ಮಾಮೂಲಿ ಹಲಗೆ ಒಂದು ಹಾಕಿ."

ಅವನು ಮತ್ತೆ ಮಂಡಿಯೂರಿ, ಅರ್ಧ ಗಂಟೆಯ ಹಿಂದೆ ಬಿಗಿದ ಎಂಟು ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದ. ಅವಳು ಪಕ್ಕದಲ್ಲೇ ಕೂತು, ಬೀಳುವ ಸ್ಕ್ರೂಗಳನ್ನು ಎಡಗೈಯಲ್ಲಿ ಹಿಡಿದುಕೊಂಡಳು. "ಅಷ್ಟು ಆಸೆಯಿಂದ ಮಾಡಿಕೊಟ್ರಿ. ನಾನೇ ಹಾಳುಮಾಡ್ಕೊಂಡೆ" ಎಂದಳು. ಅವನು ಸ್ಕ್ರೂಗಳಿಗಾಗಿ ಕೈ ಚಾಚಿದ.

ಆ ದಿನ ಕಪಾಟಿನಲ್ಲಿದ್ದವು ಎರಡು ಬೇರೆ ತೂಕದ ತೋಳುಗಳು, ಅದು ತನಗೆ ಗೊತ್ತಿದ್ದೇ ಹಾಕಿದ್ದು, ಅವಳ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲ ಎಂಬುದನ್ನು ಅವನು ಅವಳಿಗೆ ಎಂದೂ ಹೇಳಲಿಲ್ಲ.